ಶಾಲೆಯ ಮಧ್ಯಾಹ್ನದ ಊಟ: ತಟ್ಟೆಯ ಹಿಂದಿನ ಲೆಕ್ಕ



ಇದು ಬಿತ್ತನೆಯ ಕಾಲ. ಹಿಂದೂಪುರದ ಕಡೆ ರಾಗಿ, ಮುಸುಕಿನ ಜೋಳ; ಕಲ್ಯಾಣದುರ್ಗದ ಕಡೆ ಕಡಲೆಕಾಯಿ, ತೊಗರಿ. ಒಂದು ಹದ ಮಳೆ ಬಿದ್ದರೆ ಸಾಕು, ಮನೆಯ ದೊಡ್ಡವರೆಲ್ಲ ಕೋಳಿ ಕೂಗುವ ಮುಂಚೆ ಹೊಲದಲ್ಲಿರುತ್ತಾರೆ. ಮಳೆ ಬೀಳದಿದ್ದರೆ ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಎರಡರಲ್ಲಿ ಯಾವುದಾದರೂ ಮಕ್ಕಳು ಅಜ್ಜಿಯ ಕೈಯಲ್ಲಿ ಉಳಿದು, ರಾತ್ರಿ ಮಿಕ್ಕಿದ್ದನ್ನು ತಿಂದೋ ತಿನ್ನದೆಯೋ ಶಾಲೆಗೆ ಹೋಗುತ್ತಾರೆ.

ಹೋದ ತಿಂಗಳು ಭಾನುವಾರದ ಪೂಜೆಯ ನಂತರ ಒಬ್ಬ ತಾಯಿ ನಮ್ಮ ಬಳಿ ಬಂದು ಮಗನನ್ನು ಆಶೀರ್ವದಿಸಲು ಕೇಳಿದರು. ಹುಡುಗ ಆರನೇ ತರಗತಿ. ವಯಸ್ಸಿಗೆ ತಕ್ಕ ಎತ್ತರವಿಲ್ಲ, ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಬಿಳಿಚಿಕೊಂಡಿತ್ತು. "ಶಾಲೆಯಲ್ಲಿ ಊಟ ಮಾಡುತ್ತಾನೇನಮ್ಮಾ?" ಎಂದು ಕೇಳಿದೆವು. ಆಕೆ ಸ್ವಲ್ಪ ಹೆಮ್ಮೆಯಿಂದಲೇ, "ಇಲ್ಲ ಫಾದರ್, ಧರ್ಮದ ಊಟ ನಮ್ಮ ಹುಡುಗ ಮುಟ್ಟೋದಿಲ್ಲ. ಬೆಳಿಗ್ಗೆ ಐದಕ್ಕೇ ಎದ್ದು ಡಬ್ಬಿ ಕಟ್ಟಿಕೊಡ್ತೀನಿ" ಎಂದರು. ಐದು ಗಂಟೆಗೆ ಕಟ್ಟಿದ ಚಿತ್ರಾನ್ನವನ್ನು ಅವನು ಹನ್ನೆರಡೂವರೆಗೆ ತಿನ್ನುತ್ತಾನೆ. ಪಕ್ಕದ ಸಾಲಿನಲ್ಲಿ ಅವನ ಗೆಳೆಯರು ಬಿಸಿ ಅನ್ನ, ಬೇಳೆ, ಬೇಯಿಸಿದ ಮೊಟ್ಟೆ ತಿನ್ನುತ್ತಿರುತ್ತಾರೆ.

ಆ ತಾಯಿಯ ಪ್ರೀತಿಯ ಬಗ್ಗೆ ನಮಗೆ ಅನುಮಾನವಿಲ್ಲ. ಆದರೆ "ಧರ್ಮದ ಊಟ" ಎಂಬ ಮಾತು ನಮ್ಮನ್ನು ಬಿಡಲಿಲ್ಲ. ಆದ್ದರಿಂದ ಈ ತಿಂಗಳು ಬೆಳೆಯ ವಿಷಯ ಸ್ವಲ್ಪ ಹಿಂದಿಟ್ಟು ಶಾಲೆಯ ಊಟದ ವಿಷಯ ಬರೆಯುತ್ತಿದ್ದೇವೆ. ಕೊನೆಗೆ ಅದು ಹೊಲಕ್ಕೇ ಬಂದು ನಿಲ್ಲುತ್ತದೆ, ನೋಡುವಿರಂತೆ.

ಇದು ಎಲ್ಲಿಂದ ಬಂತು?

ನಾಚಿಕೆಗೆ ಒಂದು ಹಳೆಯ ಕಾರಣವೂ ಇದೆ, ಅದನ್ನು ಮೊದಲು ಹೇಳಿಬಿಡುತ್ತೇವೆ. 1946ರಿಂದ ಕ್ಯಾಥೋಲಿಕ್ ರಿಲೀಫ್ ಸರ್ವಿಸಸ್ ಸಂಸ್ಥೆ ಭಾರತದಲ್ಲಿ ಕೆಲಸ ಮಾಡುತ್ತಿದೆ. ನಮ್ಮ ಹಿರಿಯರ ಕಾಲದಲ್ಲಿ ಅಮೆರಿಕದ ಗೋಧಿ, ಎಣ್ಣೆ, ಹಾಲಿನ ಪುಡಿ ಅನೇಕ ಕಡೆ ಚರ್ಚಿನ ಅಂಗಳದಿಂದಲೇ ಹಂಚಿಕೆಯಾಗುತ್ತಿತ್ತು. 'ಕೇರ್' ಸಂಸ್ಥೆಯ ಉಪ್ಪಿಟ್ಟಿನ ರುಚಿ ನಮ್ಮ ವಯಸ್ಸಿನ ಅನೇಕರ ನಾಲಿಗೆಯ ಮೇಲೆ ಇನ್ನೂ ಇದ್ದೀತು. ಅದನ್ನು ಪಡೆದವರನ್ನು "ಹಾಲಿನಪುಡಿ ಕ್ರೈಸ್ತರು" ಎಂದು ಆಡಿಕೊಂಡವರಿದ್ದರು. ಆ ಮಾತಿನ ಗಾಯ ಕೆಲವು ಮನೆಗಳಲ್ಲಿ ಇನ್ನೂ ಮಾಗಿಲ್ಲ. ಪುಕ್ಕಟೆ ಅನ್ನ ಎಂದರೆ ಕೈ ಹಿಂದಕ್ಕೆ ಹೋಗುತ್ತದೆ.

ಈಗಿನ ಶಾಲೆಯ ಊಟ ಆ ಬಗೆಯದಲ್ಲ. ನಮ್ಮ ಭಾಗದಲ್ಲಿ ಇದರ ಬೇರು ಹಳೆಯದು. 1920ರ ಸುಮಾರಿಗೆ ಮದರಾಸು ನಗರಸಭೆ, ಪಿ. ತ್ಯಾಗರಾಯ ಚೆಟ್ಟಿಯವರು ಅಧ್ಯಕ್ಷರಾಗಿದ್ದಾಗ, ಥೌಸಂಡ್ ಲೈಟ್ಸ್ ಬಡಾವಣೆಯ ಶಾಲೆಯಲ್ಲಿ ಮಕ್ಕಳಿಗೆ ಉಪಾಹಾರ ಕೊಡಲು ಆರಂಭಿಸಿತು. ಆಗ ಅನಂತಪುರ ಜಿಲ್ಲೆಯೂ ಮದರಾಸು ಪ್ರಾಂತ್ಯದಲ್ಲೇ ಇತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾಯಿತು, ನಾವು ಹೊರಬಂದೆವು. ಅದಾದ ಮೇಲೆ ಕಾಮರಾಜರು ಮದರಾಸು ರಾಜ್ಯದ ಶಾಲೆಗಳಲ್ಲಿ ಮಧ್ಯಾಹ್ನದ ಊಟ ತಂದರು, 1982ರಲ್ಲಿ ಎಂ.ಜಿ. ರಾಮಚಂದ್ರನ್ ಅದನ್ನು ಬಹಳ ವಿಸ್ತರಿಸಿದರು. ಗಡಿಯ ಈಚೆ ಇದ್ದ ನಮ್ಮ ಮಕ್ಕಳು ಕಾಯಬೇಕಾಯಿತು.

1995ರ ಆಗಸ್ಟ್ 15ರಂದು ಕೇಂದ್ರ ಸರ್ಕಾರ ಇಡೀ ದೇಶಕ್ಕೆ ಯೋಜನೆ ತಂದಿತು. ಆದರೆ ಹೆಚ್ಚಿನ ರಾಜ್ಯಗಳಲ್ಲಿ ಬೇಯಿಸಿದ ಊಟ ಬರಲಿಲ್ಲ, ಶೇಕಡಾ 80 ಹಾಜರಿ ಇದ್ದ ಮಗುವಿಗೆ ತಿಂಗಳಿಗೆ 3 ಕಿಲೋ ಧಾನ್ಯ ಬಂತು. ಆ ಅಕ್ಕಿ ಮನೆಯ ಮಡಕೆಗೆ ಹೋಗಿ ಎಲ್ಲರಿಗೂ ಹಂಚಿಹೋಗುತ್ತಿತ್ತು, ಮಗು ಮಾತ್ರ ಶಾಲೆಯಲ್ಲಿ ಹಸಿದೇ ಕೂರುತ್ತಿತ್ತು.

2001ರಲ್ಲಿ ರಾಜಸ್ಥಾನದಲ್ಲಿ ಬರ. ಸರ್ಕಾರಿ ಗೋದಾಮುಗಳಲ್ಲಿ ಧಾನ್ಯ ತುಂಬಿ ತುಳುಕುತ್ತಿತ್ತು, ಜನ ಹಸಿದಿದ್ದರು. ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಸಂಘಟನೆ ಸುಪ್ರೀಂ ಕೋರ್ಟಿಗೆ ಹೋಯಿತು. ಅದೇ ವರ್ಷ ನವೆಂಬರ್ 28ರಂದು ನ್ಯಾಯಾಲಯ ಆದೇಶ ಕೊಟ್ಟಿತು: ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಯ ಪ್ರತಿ ಮಗುವಿಗೆ ವರ್ಷಕ್ಕೆ ಕನಿಷ್ಠ 200 ದಿನ ಬೇಯಿಸಿದ ಊಟ ಕೊಡಬೇಕು. ಕರ್ನಾಟಕದಲ್ಲಿ 2002ರ ಜೂನ್‌ನಲ್ಲಿ ಈಶಾನ್ಯ ಜಿಲ್ಲೆಗಳಿಂದ 'ಅಕ್ಷರ ದಾಸೋಹ' ಶುರುವಾಯಿತು. ನಮ್ಮ ಆಂಧ್ರದಲ್ಲಿ 2003ರ ಜನವರಿಯಲ್ಲಿ ಶಾಲೆಯ ಒಲೆ ಹೊತ್ತಿತು. 2013ರ ಆಹಾರ ಭದ್ರತಾ ಕಾಯಿದೆ ಈ ಊಟವನ್ನು ಮಗುವಿನ ಕಾನೂನುಬದ್ಧ ಹಕ್ಕಾಗಿ ಮಾಡಿತು.

ಹೆಸರುಗಳು ಬದಲಾಗುತ್ತಲೇ ಇರುತ್ತವೆ. ಕೇಂದ್ರದ ಯೋಜನೆಗೆ 2021ರಿಂದ 'ಪಿ.ಎಂ. ಪೋಷಣ್' ಎಂದು ಹೆಸರು. ನಮ್ಮ ರಾಜ್ಯದಲ್ಲಿ 2020ರಲ್ಲಿ 'ಜಗನನ್ನ ಗೋರುಮುದ್ದ' ಎಂದಾಯಿತು, 2024ರಲ್ಲಿ ಗೋದಾವರಿ ಸೀಮೆಯ ಅನ್ನದಾತೆ ಡೊಕ್ಕಾ ಸೀತಮ್ಮನವರ ಹೆಸರು ಬಂತು. ಗೋಡೆಯ ಮೇಲಿನ ಚಿತ್ರ ಯಾರದೇ ಇರಲಿ, ಅಕ್ಕಿಯ ದುಡ್ಡು ನಮ್ಮ ನಿಮ್ಮ ತೆರಿಗೆಯದು. ಬೆಂಕಿಪೊಟ್ಟಣ, ಸೋಪು, ಟ್ರ್ಯಾಕ್ಟರಿನ ಡೀಸೆಲ್, ಇವೆಲ್ಲಕ್ಕೂ ತೆರಿಗೆ ಕಟ್ಟುವ ರೈತ ತನ್ನ ಮಗುವಿನ ಊಟವನ್ನು ಧರ್ಮ ಎನ್ನಬೇಕಾಗಿಲ್ಲ.

ಒಂದು ಮಗುವಿಗೆ ಎಷ್ಟು?

ಇದನ್ನು ಬರೆದಿಟ್ಟುಕೊಳ್ಳಿ. ಒಂದರಿಂದ ಐದನೇ ತರಗತಿಯ ಮಗುವಿಗೆ ದಿನಕ್ಕೆ ಅಕ್ಕಿ 100 ಗ್ರಾಂ, ಬೇಳೆ 20 ಗ್ರಾಂ, ತರಕಾರಿ 50 ಗ್ರಾಂ, ಎಣ್ಣೆ 5 ಗ್ರಾಂ. ಇದರಿಂದ 450 ಕ್ಯಾಲೊರಿ ಶಕ್ತಿ, 12 ಗ್ರಾಂ ಪ್ರೋಟೀನು ಸಿಗಬೇಕು. ಆರರಿಂದ ಎಂಟನೆಯವರಿಗೆ ಅಕ್ಕಿ 150, ಬೇಳೆ 30, ತರಕಾರಿ 75, ಎಣ್ಣೆ ಏಳೂವರೆ ಗ್ರಾಂ. 700 ಕ್ಯಾಲೊರಿ, 20 ಗ್ರಾಂ ಪ್ರೋಟೀನು. ನಮ್ಮ ರಾಜ್ಯದಲ್ಲಿ ಒಂಬತ್ತು, ಹತ್ತನೆಯವರಿಗೂ ಊಟವಿದೆ, ಆ ಖರ್ಚನ್ನು ರಾಜ್ಯವೇ ಹೊರುತ್ತದೆ. ಅನುದಾನಿತ ಕಾನ್ವೆಂಟ್ ಶಾಲೆಗಳಿಗೂ ಇದು ಅನ್ವಯಿಸುತ್ತದೆ. ಅನುದಾನವಿಲ್ಲದ ಖಾಸಗಿ ಶಾಲೆಗಳಿಗೆ ಇಲ್ಲ. ಇಂಗ್ಲಿಷ್ ಮಾಧ್ಯಮದ ಆಸೆಗೆ ಸಾಲ ಮಾಡಿ ಫೀಸು ಕಟ್ಟುವ ಮನೆಯವರು ಈ ಊಟದ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು ಎಂಬುದು ನಮ್ಮ ಅಭಿಪ್ರಾಯ. ಚರ್ಚು ನಡೆಸುವ ಶಾಲೆಗಳ ಬಗ್ಗೆಯೂ ಇದನ್ನು ಹೇಳುತ್ತಿದ್ದೇವೆ, ನಮ್ಮವರು ಬೇಸರಿಸಬಾರದು.

ಅರವತ್ತು ಮಕ್ಕಳ ಪ್ರಾಥಮಿಕ ಶಾಲೆ ಎಂದುಕೊಳ್ಳೋಣ. ಎಲ್ಲರೂ ಬಂದ ದಿನ 6 ಕಿಲೋ ಅಕ್ಕಿ, 1 ಕಿಲೋ 200 ಗ್ರಾಂ ಬೇಳೆ, 3 ಕಿಲೋ ತರಕಾರಿ, 300 ಗ್ರಾಂ ಎಣ್ಣೆ ಪಾತ್ರೆಗೆ ಬೀಳಬೇಕು. ಮನೆಯಲ್ಲಿ ಮದುವೆ ಮಾಡಿ ಅನುಭವವಿರುವ ಯಾವ ತಾಯಿಯೂ ಸಾರಿನ ಬಣ್ಣ ನೋಡಿಯೇ ಬೇಳೆ ಬಿದ್ದಿದೆಯೋ ಇಲ್ಲವೋ ಹೇಳಬಲ್ಲಳು. ಅದಕ್ಕೆ ಡಿಗ್ರಿ ಬೇಕಾಗಿಲ್ಲ.

ಅಕ್ಕಿ ಭಾರತೀಯ ಆಹಾರ ನಿಗಮದಿಂದ ಪುಕ್ಕಟೆಯಾಗಿ ಬರುತ್ತದೆ. ಬೇಳೆ, ತರಕಾರಿ, ಎಣ್ಣೆ, ಉಪ್ಪು ಖಾರ, ಸೌದೆ ಅಥವಾ ಗ್ಯಾಸಿಗೆ ತಲಾ ಇಷ್ಟು ಎಂದು ಹಣ ನಿಗದಿಯಾಗಿದೆ. ಕೇಂದ್ರ ಸರ್ಕಾರ 2025ರ ಮೇ 1ರಿಂದ ಪ್ರಾಥಮಿಕ ಮಗುವಿಗೆ 6 ರೂಪಾಯಿ 78 ಪೈಸೆ, ಹಿರಿಯ ಪ್ರಾಥಮಿಕಕ್ಕೆ 10 ರೂಪಾಯಿ 17 ಪೈಸೆ ಎಂದು ಗೊತ್ತುಮಾಡಿತು. ಇದರಲ್ಲಿ ನೂರಕ್ಕೆ 60 ಪಾಲು ಕೇಂದ್ರದ್ದು, 40 ರಾಜ್ಯದ್ದು. ನಮ್ಮ ಅರವತ್ತು ಮಕ್ಕಳ ಶಾಲೆಗೆ ಇದು ದಿನಕ್ಕೆ ಸುಮಾರು 407 ರೂಪಾಯಿ. ತೊಗರಿಬೇಳೆಯ ಬೆಲೆ ನಿಮಗೇ ಗೊತ್ತು. ಬೇಳೆಗೆ ಹೋದ ಮೇಲೆ ಉಳಿದದ್ದರಲ್ಲಿ ಮೂರು ಕಿಲೋ ತರಕಾರಿ, ಎಣ್ಣೆ, ಉರುವಲು. ಟೊಮೇಟೊ ಬೆಲೆ ಏರಿದ ವಾರ ಸಾರು ನೀರಾಗುವುದು ಹೇಗೆ ಎಂಬುದು ಇಲ್ಲಿಯೇ ತಿಳಿಯುತ್ತದೆ.

ಮೊಟ್ಟೆಯ ಖರ್ಚು ಬೇರೆ. ನಮ್ಮ ರಾಜ್ಯದಲ್ಲಿ 2020ರಿಂದ ವಾರಕ್ಕೆ ಐದು ಮೊಟ್ಟೆ, ಮೂರು ದಿನ ಕಡಲೆಕಾಯಿ ಚಿಕ್ಕಿ ಎಂದಾಯಿತು. 2023ರ ಮಾರ್ಚಿಯಲ್ಲಿ ಬೆಲ್ಲ ಹಾಕಿದ ರಾಗಿ ಜಾವ ಸೇರಿತು. ಪಾವಗಡ, ಗೌರಿಬಿದನೂರಿನ ನಮ್ಮ ನೆಂಟರ ಮಕ್ಕಳಿಗೆ 2013ರಿಂದ 'ಕ್ಷೀರಭಾಗ್ಯ'ದ ಹಾಲು ಸಿಗುತ್ತಿದೆ, 2024ರಲ್ಲಿ ಅಲ್ಲಿಯೂ ಮೊಟ್ಟೆಯನ್ನು ವಾರಕ್ಕೆ ಆರು ದಿನಕ್ಕೆ ಏರಿಸಿದರು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಒಳ್ಳೆಯ ಪ್ರೋಟೀನು ಇರುತ್ತದೆ. ಅಂದರೆ ಸಣ್ಣ ಮಗುವಿನ ಇಡೀ ಊಟದ ಅರ್ಧ ಪ್ರೋಟೀನು ಒಂದು ಮೊಟ್ಟೆಯಲ್ಲಿ. ಆರನೇ ತರಗತಿಯ ಆ ಹುಡುಗ ಬಿಟ್ಟುಕೊಟ್ಟದ್ದು ಇದನ್ನು, ವಾರಕ್ಕೆ ಐದು ಸಲ.

ಒಲೆಯ ಮುಂದೆ ಇರುವವರು

ಅಡುಗೆ ಮಾಡುವವರು ಬಹುತೇಕ ಊರಿನ ಡ್ವಾಕ್ರಾ ಸಂಘದ ಹೆಂಗಸರು. 25 ಮಕ್ಕಳವರೆಗೆ ಒಬ್ಬರು, 100ರವರೆಗೆ ಇಬ್ಬರು, ಆ ಮೇಲೆ ಪ್ರತಿ ನೂರಕ್ಕೆ ಇನ್ನೊಬ್ಬರು ಎಂದು ನಿಯಮ. ನಮ್ಮ ರಾಜ್ಯದಲ್ಲಿ ಅವರ ಗೌರವಧನ ಸಾವಿರ ರೂಪಾಯಿ ಇದ್ದದ್ದು 2019ರಲ್ಲಿ ಮೂರು ಸಾವಿರವಾಯಿತು. ತಿಂಗಳಿಗೆ, ದಿನಕ್ಕಲ್ಲ.

ಕೆಲವು ವರ್ಷದ ಹಿಂದೆ ನಾವು ಇಬ್ಬರು ಪೋಷಕರ ಜೊತೆ ಒಂದು ಹಳ್ಳಿಯ ಶಾಲೆಗೆ ಊಟದ ಹೊತ್ತಿಗೆ ಹೋಗಿದ್ದೆವು. ಬೇಳೆ ಸಾರು ತೆಳ್ಳಗಿತ್ತು. ಜೊತೆಗೆ ಬಂದವರಲ್ಲಿ ಒಬ್ಬರು ಅಡುಗೆಯ ಹೆಣ್ಣುಮಗಳ ಮೇಲೆ ರೇಗಿದರು: "ನಮ್ಮ ಮಕ್ಕಳ ಬೇಳೆ ಯಾರ ಮನೆಗೆ ಹೋಯ್ತಮ್ಮಾ?" ಆಕೆ ಉತ್ತರ ಕೊಡಲಿಲ್ಲ, ಒಳಗೆ ಹೋಗಿ ಅಂಗಡಿಯ ಸಾಲದ ಪುಸ್ತಕ ತಂದು ಮುಂದಿಟ್ಟಳು. ಮೂರು ತಿಂಗಳ ಬಿಲ್ಲು ಬಂದಿರಲಿಲ್ಲ. ಅಂಗಡಿಯವನು ಬೇಳೆ ಕೊಡುವುದನ್ನು ನಿಲ್ಲಿಸಿದ್ದ. ಕಿವಿಯ ಓಲೆ ಅಡವಿಟ್ಟು ಎಣ್ಣೆ ತಂದಿದ್ದಳು. ರೇಗಿದವರು ತಲೆ ತಗ್ಗಿಸಿದರು, ನಾವೂ ಕೂಡ. ಯಾಕೆಂದರೆ ಸುಮ್ಮನಿದ್ದರೂ ನಮ್ಮ ಮನಸ್ಸಿನಲ್ಲೂ ಅದೇ ಅನುಮಾನ ಬಂದಿತ್ತು. ಮಾರನೆಯ ವಾರ ಪೋಷಕರು ಹತ್ತು ಜನ ಸಹಿ ಹಾಕಿ ಮಂಡಲ ವಿದ್ಯಾಧಿಕಾರಿಗೆ ಅರ್ಜಿ ಕೊಟ್ಟರು. ಕಳ್ಳತನ ಎಲ್ಲಿಯೂ ನಡೆಯುವುದಿಲ್ಲ ಎಂದು ನಾವು ಹೇಳುತ್ತಿಲ್ಲ. ಆದರೆ ಸಾರು ತೆಳ್ಳಗಿದ್ದರೆ ಮೊದಲು ಬಿಲ್ಲು ಬಂದಿದೆಯೇ ಎಂದು ಕೇಳಿ, ಆಮೇಲೆ ಬೇಳೆ ಎಲ್ಲಿ ಎಂದು ಕೇಳಿ.

ಇನ್ನೊಂದು ಮಾತು, ಇದನ್ನು ಬರೆಯಲು ನಮಗೆ ನೋವಾಗುತ್ತದೆ. ಅಡುಗೆಯವರ ಜಾತಿ ನೋಡಿ ಮಕ್ಕಳನ್ನು ಊಟಕ್ಕೆ ಕಳಿಸದ ಮನೆಗಳು ನಮ್ಮ ಸುತ್ತಿನಲ್ಲಿ ಇವೆ, ಶಿಲುಬೆ ತೂಗುಹಾಕಿದ ಮನೆಗಳಲ್ಲೂ ಇವೆ. ಅಡುಗೆಯವರ ನೇಮಕದಲ್ಲಿ ದಲಿತರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದ್ಯತೆ ಕೊಡಬೇಕೆಂದು 2004ರ ಏಪ್ರಿಲ್ 20ರಂದು ಸುಪ್ರೀಂ ಕೋರ್ಟು ಹೇಳಿದೆ. ಯೇಸುಸ್ವಾಮಿ ಐದು ರೊಟ್ಟಿ ಮುರಿದ ದಿನ ಜನರನ್ನು ಹಸಿರು ಹುಲ್ಲಿನ ಮೇಲೆ ಸಾಲುಸಾಲಾಗಿ ಕೂರಿಸಿದರು. ಯಾರು ಯಾರ ಪಕ್ಕ ಎಂದು ಶಿಷ್ಯರು ವಿಚಾರಿಸಿದಂತೆ ಸುವಾರ್ತೆಯಲ್ಲಿ ಎಲ್ಲಿಯೂ ಇಲ್ಲ. ಈ ಕಾರಣಕ್ಕೆ ಡಬ್ಬಿ ಕಟ್ಟುವವರು ಪಾಪನಿವೇದನೆಗೆ ಬಂದಾಗ ಅದನ್ನೂ ಹೇಳಿಕೊಳ್ಳಲಿ.

ಜುಲೈ 16

ನಮಗೆ ಈ ದಿನ ಕಾರ್ಮೆಲ್ ಮಾತೆಯ ಹಬ್ಬ. ಇದೇ ದಿನಾಂಕದಂದು ಶಾಲೆಯ ಅಡುಗೆಮನೆಯಿಂದ ಎರಡು ದೊಡ್ಡ ಅನಾಹುತಗಳಾಗಿವೆ.

2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಒಂದು ಶಾಲೆಯಲ್ಲಿ ಊಟ ಬೇಯಿಸುತ್ತಿದ್ದ ಗುಡಿಸಲಿನ ಬೆಂಕಿ ತರಗತಿಗಳ ಗರಿಯ ಚಾವಣಿಗೆ ಹತ್ತಿ 94 ಮಕ್ಕಳು ತೀರಿಕೊಂಡರು. 2013ರ ಜುಲೈ 16ರಂದು ಬಿಹಾರದ ಸಾರಣ್ ಜಿಲ್ಲೆಯ ಗಂಡಾಮನ್ ಎಂಬ ಹಳ್ಳಿಯಲ್ಲಿ ಶಾಲೆಯ ಊಟ ಉಂಡ 23 ಮಕ್ಕಳು ಸತ್ತರು. ಅಡುಗೆ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಸೇರಿತ್ತು. ನಮ್ಮ ಹೊಲಗಳಲ್ಲಿ ಹೊಡೆದಿರುವ ಅದೇ ಕೀಟನಾಶಕ. ಎಣ್ಣೆಯ ವಾಸನೆ ಸರಿಯಿಲ್ಲ ಎಂದು ಅಡುಗೆಯಾಕೆ ಹೇಳಿದ್ದಳೆಂದು ಆಗ ವರದಿಯಾಗಿತ್ತು. ಆಕೆಯ ಮಾತು ನಡೆಯಲಿಲ್ಲ.

ರೈತರಾದ ನಮಗೆ ಇದರಲ್ಲಿ ನೇರವಾದ ಪಾಠವಿದೆ. ಔಷಧದ ಖಾಲಿ ಡಬ್ಬ ಗಟ್ಟಿಯಾಗಿರುತ್ತದೆ, ಮುಚ್ಚಳ ಬಿಗಿಯಾಗಿರುತ್ತದೆ, ಎಸೆಯಲು ಮನಸ್ಸು ಬಾರದು. ತೊಳೆದು ಸೀಮೆಎಣ್ಣೆಗೆ, ಆಮೇಲೆ ನೀರಿಗೆ, ಕೊನೆಗೆ ಅಡುಗೆ ಎಣ್ಣೆಗೆ ಇಡುವ ಮನೆಗಳನ್ನು ನಾವು ಕಂಡಿದ್ದೇವೆ. ಎಷ್ಟು ಸಲ ತೊಳೆದರೂ ಪ್ಲಾಸ್ಟಿಕ್ ಹೀರಿಕೊಂಡ ವಿಷ ಪೂರ್ತಿ ಹೋಗುವುದಿಲ್ಲ. ಔಷಧ ಮುಗಿದೊಡನೆ ಡಬ್ಬವನ್ನು ಮೂರು ಸಲ ಗಲಬರಿಸಿ, ಆ ನೀರನ್ನು ಸಿಂಪಡಿಸುವ ಯಂತ್ರಕ್ಕೇ ಸುರಿದುಕೊಳ್ಳಿ. ಆಮೇಲೆ ಡಬ್ಬಕ್ಕೆ ತೂತು ಹೊಡೆದುಬಿಡಿ. ತೂತಾದ ಡಬ್ಬಕ್ಕೆ ಯಾರೂ ಎಣ್ಣೆ ತುಂಬುವುದಿಲ್ಲ. ಸುಡಬೇಡಿ, ಬಾವಿ ಕೆರೆಗೆ ಎಸೆಯಬೇಡಿ. ಶಾಲೆಗೆ ಎಣ್ಣೆಯನ್ನೋ ಮಜ್ಜಿಗೆಯನ್ನೋ ಯಾರಾದರೂ ಇಂಥ ಡಬ್ಬದಲ್ಲಿ ತಂದರೆ ಅಲ್ಲೇ ತಡೆಯಿರಿ, ತಂದವರು ಎಷ್ಟೇ ದೊಡ್ಡವರಿರಲಿ.

ಊಟ ಬಡಿಸುವ ಮುಂಚೆ ಕನಿಷ್ಠ ಒಬ್ಬ ಮೇಷ್ಟ್ರು ರುಚಿ ನೋಡಬೇಕೆಂಬುದು ನಿಯಮ. ಪೋಷಕರೂ ಸರದಿಯ ಮೇಲೆ ಬಂದು ನೋಡಬಹುದು. ಮೊಟ್ಟೆಯನ್ನು ಬೇಯಿಸುವ ಮುಂಚೆ ನೀರಿಗೆ ಹಾಕಿ ನೋಡಿ. ತಳದಲ್ಲಿ ಮಲಗಿದರೆ ಹೊಸದು, ತೇಲಿದರೆ ತಿಪ್ಪೆಗೆ. ಊಟದ ನಂತರ ಮಕ್ಕಳಿಗೆ ವಾಂತಿ, ಹೊಟ್ಟೆನೋವು, ಬಾಯಲ್ಲಿ ನೊರೆ, ಕಣ್ಣುಗುಡ್ಡೆ ಸಣ್ಣದಾಗುವುದು ಇಂಥದ್ದು ಕಂಡರೆ ಮನೆಮದ್ದು ಮಾಡುತ್ತ ಕೂರದೆ 108ಕ್ಕೆ ಫೋನು ಮಾಡಿ. ಉಳಿದ ಅನ್ನ ಸಾರನ್ನು ಚೆಲ್ಲದೆ ಮುಚ್ಚಿಡಿ. ಯಾವ ವಿಷ ಎಂದು ಪತ್ತೆಹಚ್ಚಲು ಅದು ಬೇಕಾಗುತ್ತದೆ.

ಪ್ಲಾಸ್ಟಿಕ್ ಅಕ್ಕಿ ಎಂಬ ಪುಕಾರು

ಶಾಲೆಯ ಅನ್ನದಲ್ಲಿ ಪ್ಲಾಸ್ಟಿಕ್ ಅಕ್ಕಿ ಬೆರೆಸಿದ್ದಾರೆ ಎಂದು ಹೇಳಿ, ಮುಷ್ಟಿಯಷ್ಟು ಅಕ್ಕಿಯನ್ನು ಕಾಗದದಲ್ಲಿ ಕಟ್ಟಿ ನಮ್ಮ ಬಳಿ ತಂದವರಿದ್ದಾರೆ. ಅದು ಪ್ಲಾಸ್ಟಿಕ್ ಅಲ್ಲ. 2021ರಿಂದೀಚೆಗೆ ಶಾಲೆಗಳಿಗೆ ಬಂದ ಅಕ್ಕಿಯಲ್ಲಿ ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ-12 ಸೇರಿಸಿ ತಯಾರಿಸಿದ ಕಾಳುಗಳನ್ನು ನೂರಕ್ಕೆ ಒಂದರಂತೆ ಬೆರೆಸಿದ್ದರು. ಅಕ್ಕಿಯ ಹಿಟ್ಟಿನಿಂದಲೇ ಒತ್ತಿ ಮಾಡಿದ ಕಾಳು ಅದು. ಬಣ್ಣ ಸ್ವಲ್ಪ ಬೇರೆ ಕಾಣುತ್ತದೆ, ಕೆಲವು ನೀರಿನಲ್ಲಿ ತೇಲುತ್ತವೆ. ಹುಳುಕು ಎಂದು ಆರಿಸಿ ಎಸೆದರೆ ಔಷಧವನ್ನೇ ಎಸೆದಂತೆ.

ಇದರ ಅಗತ್ಯ ಏನೆಂದರೆ, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 67 ಮಕ್ಕಳಿಗೆ, 15ರಿಂದ 19 ವರ್ಷದ ನೂರು ಹೆಣ್ಣುಮಕ್ಕಳಲ್ಲಿ 59 ಜನರಿಗೆ ರಕ್ತಹೀನತೆ ಇದೆ. ಶಾಲೆಯಲ್ಲಿ ವಾರಕ್ಕೊಂದು ಕಬ್ಬಿಣದ ಮಾತ್ರೆ ಕೊಡುತ್ತಾರೆ, ಸಣ್ಣವರಿಗೆ ಗುಲಾಬಿ ಬಣ್ಣದ್ದು, ದೊಡ್ಡವರಿಗೆ ನೀಲಿ. ಅದನ್ನು ಊಟವಾದ ಮೇಲೆ ನುಂಗಬೇಕು. ಮಲ ಕಪ್ಪಾದರೆ ಗಾಬರಿ ಬೇಡ. ಊಟ ಆದ ಕೂಡಲೇ ಮಕ್ಕಳಿಗೆ ಟೀ ಕೊಡುವ ಕೆಟ್ಟ ಅಭ್ಯಾಸ ನಮ್ಮಲ್ಲಿದೆ, ಟೀ ಕಬ್ಬಿಣವನ್ನು ರಕ್ತಕ್ಕೆ ಸೇರಲು ಬಿಡುವುದಿಲ್ಲ. ನಿಂಬೆರಸ, ನೆಲ್ಲಿಕಾಯಿ ಸಹಾಯ ಮಾಡುತ್ತವೆ. ಫೆಬ್ರವರಿ ಮತ್ತು ಆಗಸ್ಟ್ ತಿಂಗಳ 10ರಂದು ಜಂತುಹುಳದ ಮಾತ್ರೆಯ ದಿನ. ಆ ದಿನ ಮಗುವನ್ನು ಹೊಲಕ್ಕೆ ಕರೆದೊಯ್ಯಬೇಡಿ. ಹೊಟ್ಟೆಯಲ್ಲಿ ಹುಳ ಇರುವ ತನಕ ಮೊಟ್ಟೆ, ಚಿಕ್ಕಿ ಎಲ್ಲ ಹುಳಕ್ಕೇ.

ಹೊಲದಿಂದ ತಟ್ಟೆಗೆ

ಚಿಕ್ಕಿ ಎಂದರೆ ಕಡಲೆಕಾಯಿ ಮತ್ತು ಬೆಲ್ಲ. ಕಲ್ಯಾಣದುರ್ಗದ ಕಾಯಿ, ಹಿಂದೂಪುರದ ಬೆಲ್ಲದ ಮಂಡಿ, ಎರಡೂ ನಮ್ಮವೇ. ಮಕ್ಕಳ ಬಾಯಿಗೆ ಹೋಗುವ ಈ ಕಾಯಿಗೆ ಒಂದು ಶತ್ರು ಇದೆ. ಕೀಳುವ ಮುಂಚಿನ ವಾರಗಳಲ್ಲಿ ಮಳೆ ಕೈಕೊಟ್ಟರೆ, ಅಥವಾ ಕಿತ್ತ ಮೇಲೆ ಕಾಯಿ ನೆನೆದರೆ, ಬೀಜದ ಮೇಲೆ ಹಳದಿ ಹಸಿರು ಬೂಸಲು ಕೂರುತ್ತದೆ. ಅದು ಬಿಡುವ ವಿಷಕ್ಕೆ ಅಫ್ಲಾಟಾಕ್ಸಿನ್ ಎನ್ನುತ್ತಾರೆ. ಹುರಿದರೂ ಬೇಯಿಸಿದರೂ ಅದು ಪೂರ್ತಿ ನಾಶವಾಗುವುದಿಲ್ಲ, ಯಕೃತ್ತಿಗೆ ಹಾನಿ. ಮಳೆ ಕಡಿಮೆಯ ನಮ್ಮ ಸೀಮೆಗೆ ಈ ತೊಂದರೆ ಹೆಚ್ಚು.

ಕಿತ್ತ ಗಿಡವನ್ನು ಕಾಯಿ ಮೇಲಾಗಿ ಬಿಸಿಲಿಗೆ ತಿರುವಿ. ಅಲ್ಲಾಡಿಸಿದರೆ ಬೀಜ ಗಲಗಲ ಎನ್ನುವ ತನಕ ಒಣಗಿಸಿ. ತೂಕ ಬರಲೆಂದು ಮಾರುವ ಮುಂಚೆ ನೀರು ಚಿಮುಕಿಸುವವರಿಗೆ ಏನು ಹೇಳೋಣ? ಆ ಚೀಲ ತಿರುಗಿ ನಿಮ್ಮ ಮಗುವಿನ ಚಿಕ್ಕಿಯಾಗಿ ಬರಬಹುದು. ಸುಕ್ಕಾದ, ಬೂಸಲು ಹಿಡಿದ ಬೀಜವನ್ನು ಆರಿಸಿ ಗಾಣಕ್ಕೆ ಕಳಿಸಿ ಅದರ ಹಿಂಡಿಯನ್ನು ಹಸುವಿಗೆ ಹಾಕುವುದು ರೂಢಿ. ಆ ವಿಷದ ಅಂಶ ಹಾಲಿಗೂ ಇಳಿಯುತ್ತದೆ. ಅಂಥ ಬೀಜವನ್ನು ಮಣ್ಣಿನಲ್ಲಿ ಹೂತುಬಿಡುವುದೇ ಸರಿ. ನಷ್ಟವೇ, ಒಪ್ಪುತ್ತೇವೆ.

ರಾಗಿಯ ಬಗ್ಗೆ ನಿಮಗೆ ನಾವು ಹೇಳಬೇಕಾಗಿಲ್ಲ. ಆದರೂ ಒಂದು ಅಂಕಿ: 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಸುಣ್ಣದಂಶವಿದೆ, ಅಷ್ಟೇ ಪಾಲಿಶ್ ಅಕ್ಕಿಯಲ್ಲಿ 10ರ ಆಸುಪಾಸು. ಮುದ್ದೆ ಬಿಟ್ಟು ಸೋನಾ ಮಸೂರಿಗೆ ಹೋದದ್ದೇ ದೊಡ್ಡಸ್ತಿಕೆ ಎಂದುಕೊಂಡಿದ್ದ ನಮ್ಮ ಮನೆಗಳಿಗೆ ರಾಗಿ ಈಗ ಶಾಲೆಯ ಮೂಲಕ ತಿರುಗಿ ಬರುತ್ತಿದೆ. ನಗುವುದೋ ಅಳುವುದೋ ತಿಳಿಯದು.

ಶಾಲೆಯ ಅಂಗಳದಲ್ಲಿ ಕೈ ತೊಳೆಯುವ ನೀರು ಸುಮ್ಮನೆ ಹರಿದು ಹೋಗುತ್ತದೆ. ಆ ನೀರಿಗೆ ಎರಡು ನುಗ್ಗೆ, ಒಂದು ಕರಿಬೇವು, ಎರಡು ಪರಂಗಿ ಗಿಡ ಸಾಕು. ದಂಟು, ಪಾಲಕ್ ಸೊಪ್ಪಿಗೆ ಒಂದು ಮಡಿ. ದಿನಕ್ಕೆ 50 ಗ್ರಾಂ ತರಕಾರಿಯ ಲೆಕ್ಕದಲ್ಲಿ ಒಂದು ಮುಷ್ಟಿ ನುಗ್ಗೆಸೊಪ್ಪು ದೊಡ್ಡ ಸಹಾಯ, ಅಡುಗೆಯಾಕೆಯ ಸಾಲವೂ ಅಷ್ಟು ಕಡಿಮೆ. ನಮ್ಮ ಯುವಕ ಸಂಘದವರು ಈ ಮಳೆಗಾಲದಲ್ಲಿ ಹೆಡ್‌ಮಾಸ್ಟರ ಒಪ್ಪಿಗೆ ಪಡೆದು ಗಿಡ ನೆಡಲು ಮುಂದೆ ಬಂದರೆ ಸಸಿಗಳ ಖರ್ಚನ್ನು ಧರ್ಮಕೇಂದ್ರದಿಂದ ನೋಡಿಕೊಳ್ಳುತ್ತೇವೆ.

ನಿಮ್ಮ ಪ್ರಶ್ನೆಗಳು

ಈ ವಿಷಯ ಬರೆಯುತ್ತೇವೆಂದು ಹೇಳಿದ ಮೇಲೆ ಕೆಲವರು ಕೇಳಿದ ಪ್ರಶ್ನೆಗಳಿಗೆ ಚಿಕ್ಕದಾಗಿ ಉತ್ತರಿಸುತ್ತೇವೆ.

ಒಂದು ದಿನ ಊಟ ಬೇಯಲಿಲ್ಲ, ಏನು ಮಾಡಬೇಕು? 2015ರ ನಿಯಮಗಳ ಪ್ರಕಾರ ಅಕ್ಕಿ, ಹಣ, ಉರುವಲು ಅಥವಾ ಅಡುಗೆಯವರು ಇಲ್ಲದ ಕಾರಣ ಊಟ ತಪ್ಪಿದರೆ, ಆ ದಿನದ ಧಾನ್ಯ ಮತ್ತು ಅಡುಗೆ ಖರ್ಚಿನ ಹಣವನ್ನು ಮುಂದಿನ ತಿಂಗಳು 15ರೊಳಗೆ ಮಗುವಿಗೆ ಕೊಡಬೇಕು. ಸತತ ಮೂರು ಶಾಲಾ ದಿನ ಅಥವಾ ತಿಂಗಳಲ್ಲಿ ಐದು ದಿನ ತಪ್ಪಿದರೆ ಯಾರ ತಪ್ಪೆಂದು ಸರ್ಕಾರ ವಿಚಾರಿಸಲೇಬೇಕು. ತಪ್ಪಿದ ತಾರೀಕುಗಳನ್ನು ಮನೆಯ ಕ್ಯಾಲೆಂಡರಿನ ಮೇಲೆ ಗುರುತುಮಾಡಿ ಇಟ್ಟುಕೊಳ್ಳಿ. ಬಾಯಿಮಾತಿನ ದೂರು ನಿಲ್ಲುವುದಿಲ್ಲ.

ಕೇಳಲು ನಮಗೆ ಅಧಿಕಾರವಿದೆಯೇ? ಇದೆ. 2009ರ ಶಿಕ್ಷಣ ಹಕ್ಕು ಕಾಯಿದೆಯಂತೆ ಶಾಲಾ ನಿರ್ವಹಣಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರು. ಊಟದ ಮೇಲ್ವಿಚಾರಣೆ ಆ ಸಮಿತಿಯ ಕೆಲಸ. ಸಮಿತಿಯ ಚುನಾವಣೆ ಎಂದರೆ ನಮ್ಮವರು ಬರುವುದೇ ಇಲ್ಲ, ಆಮೇಲೆ ಚರ್ಚಿನ ಬಾಗಿಲಲ್ಲಿ ನಿಂತು ಗೊಣಗುತ್ತಾರೆ. ಹಾಜರಿ ಪುಸ್ತಕದಲ್ಲಿ ಎಷ್ಟು ಜನ, ಊಟ ಮಾಡಿದವರ ಲೆಕ್ಕದಲ್ಲಿ ಎಷ್ಟು ಜನ ಎಂಬ ಎರಡು ಸಂಖ್ಯೆಗಳನ್ನು ಕೇಳಿ ನೋಡಿ. 2022ರ ಏಪ್ರಿಲ್‌ನಿಂದ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿದಿದೆ. ಮಂಡಲದಲ್ಲಿ ಕೆಲಸವಾಗದೆ ಮೇಲೆ ಬರೆಯುವಾಗ ಹಿಂದೂಪುರದವರು ಪುಟ್ಟಪರ್ತಿಗೆ ಬರೆಯಬೇಕು.

ಮಗುವಿನ ಹುಟ್ಟುಹಬ್ಬಕ್ಕೋ ಪ್ರಥಮ ಪರಮಪ್ರಸಾದದ ದಿನಕ್ಕೋ ಶಾಲೆಯಲ್ಲಿ ಊಟ ಹಾಕಿಸಬಹುದೇ? ಹಾಕಿಸಬಹುದು, ಇದಕ್ಕೆ 'ತಿಥಿ ಭೋಜನ' ಎಂದು ಯೋಜನೆಯಲ್ಲೇ ಅವಕಾಶವಿದೆ. ಆದರೆ ಅದು ಸರ್ಕಾರದ ಊಟದ ಜೊತೆಗೆ, ಅದರ ಬದಲಿಗಲ್ಲ. ಕೇಕು, ಬಣ್ಣದ ಸಿಹಿ ಬೇಡ. ಬಾಳೆಹಣ್ಣು, ಸೀಬೆಹಣ್ಣು, ಮೊಸರು ಒಳ್ಳೆಯದು. ಹೆಡ್‌ಮಾಸ್ಟರಿಗೆ ಎರಡು ದಿನ ಮುಂಚೆ ಹೇಳಿ.

ಮನೆಯಿಂದ ಡಬ್ಬಿ ಕಟ್ಟಲೇಬಾರದೇ? ಕಟ್ಟಿ, ಆದರೆ ಬೆಳಗಿನ ತಿಂಡಿಗೆ ಕಟ್ಟಿ. ಎರಡು ರಾಗಿರೊಟ್ಟಿ, ಇಲ್ಲವೇ ರಾತ್ರಿಯ ಮುದ್ದೆಗೆ ಮಜ್ಜಿಗೆ ಕಲಸಿದ ಅಂಬಲಿ, ಒಂದು ಹಿಡಿ ಹುರಿದ ಕಡಲೆಕಾಯಿ. ಹೊಲಕ್ಕೆ ಹೋಗುವ ಮುಂಚೆ ಮಗುವನ್ನು ಎಬ್ಬಿಸಿ ನಿಮ್ಮ ಕಣ್ಣೆದುರೇ ಅದನ್ನು ತಿನ್ನಿಸಿ, ಮಧ್ಯಾಹ್ನಕ್ಕೆ ಅದು ಗೆಳೆಯರ ಜೊತೆ ಸಾಲಿನಲ್ಲಿ ಕೂರಲಿ. ಆರನೇ ತರಗತಿಯ ಹುಡುಗನ ತಾಯಿಗೂ ನಾವು ಇದನ್ನೇ ಹೇಳಿದ್ದೇವೆ. ಆಕೆ ಇನ್ನೂ ಒಪ್ಪಿಲ್ಲ. ಮುಂದಿನ ಬುಧವಾರ ಹನ್ನೆರಡು ಗಂಟೆಗೆ ಶಾಲೆಗೆ ಬಂದು ತಾವೇ ರುಚಿ ನೋಡುತ್ತೇನೆಂದು ಒಪ್ಪಿಕೊಂಡಿದ್ದಾರೆ. ನಾವೂ ತಟ್ಟೆ ಹಿಡಿದು ಜೊತೆಗೆ ಹೋಗುತ್ತೇವೆ.